ಉಬ್ಬಸ, ಹೊಗೆ ಮತ್ತು ನಮ್ಮ ಕೈಯಲ್ಲಿರುವ ಕೆಲಸ

(ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯ ಕೆಲಸಗಾರರು, ಹಮಾಲರು ಮತ್ತು ಅವರ ಮನೆಯವರು ಸೇರಿದ್ದ ಭಾನುವಾರದ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾವು ಕೂಲಿಯ ಮಾತನ್ನಾಗಲಿ ನಿವೇಶನದ ಮಾತನ್ನಾಗಲಿ ಎತ್ತುವುದಿಲ್ಲ. ಉಸಿರಿನ ಮಾತನ್ನು ಎತ್ತುತ್ತೇವೆ. ಹೋದ ತಿಂಗಳು ಈ ಓಣಿಗಳ ಮನೆ ಮನೆ ಸುತ್ತುವಾಗ ನಮಗೆ ಒಂದು ಸಂಗತಿ ಎದ್ದು ಕಂಡಿತು. "ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದೆಯೇ?" ಎಂದು ಕೇಳಿದರೆ ಬಹಳ ಮಂದಿ "ಇಲ್ಲ" ಎನ್ನುತ್ತಾರೆ. ಸ್ವಲ್ಪ ಹೊತ್ತು ಕೂತು ಮಾತನಾಡಿದರೆ, "ಚಳಿಗಾಲದಾಗೆ ಒಂದಿಷ್ಟು ದಮ್ಮು ಬರ್ತತಿ, ಅಷ್ಟೇ" ಎನ್ನುತ್ತಾರೆ. ಒಬ್ಬ ತಾಯಿ, ಮಗಳ ಮದುವೆ ಆಗುವ ತನಕ ಈ ವಿಚಾರ ಹೊರಗೆ ಬಿಡಬೇಡಿ ಎಂದು ಕೈ ಮುಗಿದು ಕೇಳಿಕೊಂಡರು. ಆ ಹುಡುಗಿಯ ಪಂಪು ಅಕ್ಕಿ ಡಬ್ಬಿಯ ಹಿಂದೆ ಇತ್ತು.

ಆ ತಾಯಿಯನ್ನು ನಾವು ದೂರುವುದಿಲ್ಲ. ನಾವು ಚಿಕ್ಕವರಿದ್ದಾಗ ನಮ್ಮ ತಾಯಿಯವರು ಗೋಡೆಗೆ ದಿಂಬು ಆನಿಸಿ ಕೂತೇ ರಾತ್ರಿ ಕಳೆಯುತ್ತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಬೆಳಗಾದರೆ ಅದೇ ಒಲೆ, ಅದೇ ಊದುಕೊಳವೆ. ತೀರಾ ಕಷ್ಟವಾದ ದಿನ ಒಂದು ಸೂಜಿ ಹಾಕಿಸುತ್ತಿದ್ದರು, ಎರಡು ದಿನ ಆರಾಮ ಎನ್ನುತ್ತಿದ್ದರು. ಅದು ಅವರ ಹಣೆಬರಹವೆಂದೇ ನಾವೆಲ್ಲ ತಿಳಿದಿದ್ದೆವು. ಅದು ಹಣೆಬರಹವಾಗಿರಲಿಲ್ಲ ಎಂಬುದು ನಮಗೆ ತಿಳಿದದ್ದು ಅವರು ಹೋದ ಮೇಲೆ. ಆ ತಿಳಿವಳಿಕೆ ನಿಮಗೆ ತಡವಾಗಿ ಸಿಗಬಾರದು ಎಂಬುದಕ್ಕಾಗಿ ಇಂದಿನ ಈ ಮಾತು.

ಲೆಕ್ಕ ಏನು ಹೇಳುತ್ತದೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ 26 ಕೋಟಿಗೂ ಹೆಚ್ಚು ಜನರಿಗೆ ಉಬ್ಬಸವಿತ್ತು. ಆ ವರ್ಷ ಅದರಿಂದ ಸತ್ತವರು 4 ಲಕ್ಷ 55 ಸಾವಿರ. ಸಾವುಗಳಲ್ಲಿ ಹೆಚ್ಚಿನವು ಬಡ ದೇಶಗಳಲ್ಲಿ ಮತ್ತು ನಮ್ಮಂತಹ ಕೆಳ ಮಧ್ಯಮ ಆದಾಯದ ದೇಶಗಳಲ್ಲಿ. ಭಾರತದಲ್ಲಿ ಸುಮಾರು ಮೂರೂವರೆ ಕೋಟಿ ಉಬ್ಬಸದವರಿದ್ದಾರೆ. ಜಗತ್ತಿನ ಉಬ್ಬಸದವರಲ್ಲಿ ನಮ್ಮ ಪಾಲು ಶೇಕಡಾ 13ರಷ್ಟು. ಆದರೆ ಉಬ್ಬಸದ ಸಾವುಗಳಲ್ಲಿ ನಮ್ಮ ಪಾಲು ಶೇಕಡಾ 42ರಷ್ಟು.

ಈ ಎರಡು ಅಂಕಿಗಳ ನಡುವಿನ ಅಂತರವನ್ನು ಸ್ವಲ್ಪ ಯೋಚಿಸಿ. ನಮ್ಮ ಪುಪ್ಪುಸವೇನೂ ಬೇರೆ ಮಣ್ಣಿನದಲ್ಲ. ರೋಗ ಅದೇ, ಔಷಧವೂ ಅದೇ. ಬೇರೆಯಾಗಿರುವುದು ಔಷಧ ತಲುಪುವ ದಾರಿ, ಅದನ್ನು ಬಳಸುವ ತಿಳಿವಳಿಕೆ ಮತ್ತು ನಾವು ಸೇದುವ ಗಾಳಿ. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಕಾಲುವೆಯ ಹೂಳು

ಉಬ್ಬಸವೆಂದರೆ ಏನು? ನಿಮಗೆಲ್ಲ ಭದ್ರಾ ನಾಲೆ ಗೊತ್ತು. ನಮ್ಮ ಎದೆಯೊಳಗೂ ಗಾಳಿ ಹರಿಯುವ ಕಾಲುವೆಗಳಿವೆ. ದೊಡ್ಡ ನಾಲೆ ಕವಲೊಡೆದು ಉಪಕಾಲುವೆಯಾಗಿ, ಹೊಲಗಾಲುವೆಯಾಗಿ ಹರಡುವ ಹಾಗೆಯೇ ಅವೂ ಹರಡಿವೆ. ಉಬ್ಬಸದವರಲ್ಲಿ ಈ ಕಾಲುವೆಗಳ ಒಳಗೋಡೆ ಸದಾ ಸ್ವಲ್ಪ ಊದಿಕೊಂಡು ಕೆಂಪಾಗಿರುತ್ತದೆ. ಹೊಗೆಯೋ ಧೂಳೋ ನೆಗಡಿಯೋ ತಾಕಿದೊಡನೆ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ಕಟ್ಟುತ್ತದೆ, ದಾರಿ ಕಿರಿದಾಗುತ್ತದೆ. ಆ ಕಿರಿದಾದ ದಾರಿಯಲ್ಲಿ ಗಾಳಿ ನುಸುಳುವ ಸದ್ದೇ ಎದೆಯ ಸಿಳ್ಳೆ.

ಇದಕ್ಕೆ ಎರಡು ಬಗೆಯ ಔಷಧಗಳುಂಟು. ಒಂದು, ಬಿಗಿದ ಸ್ನಾಯುವನ್ನು ಸಡಿಲಿಸುವುದು. ಸಾಲ್ಬ್ಯುಟಮಾಲ್ ಎಂಬುದು ಅದರ ಹೆಸರು, ಸಾಮಾನ್ಯವಾಗಿ ನೀಲಿ ಬಣ್ಣದ ಪಂಪಿನಲ್ಲಿ ಬರುತ್ತದೆ. ಐದು ನಿಮಿಷದಲ್ಲಿ ಉಸಿರು ಬಿಡಿಸುತ್ತದೆ, ನಾಲ್ಕಾರು ಗಂಟೆಯಲ್ಲಿ ಅದರ ಕೆಲಸ ಮುಗಿಯುತ್ತದೆ. ಇನ್ನೊಂದು, ಒಳಗೋಡೆಯ ಊತವನ್ನೇ ಇಳಿಸುವುದು. ಬುಡೆಸೊನೈಡ್, ಬೆಕ್ಲೊಮೆಥಸೋನ್ ಮೊದಲಾದ ಹೆಸರಿನವು ಈ ಜಾತಿಗೆ ಸೇರಿದವು. ಇವು ಸೇದಿದೊಡನೆ ಏನೂ ಅನಿಸುವುದಿಲ್ಲ. ದಿನವೂ ತಪ್ಪದೆ ಸೇದಿದರೆ ಕೆಲವು ದಿನ, ವಾರಗಳಲ್ಲಿ ಗುಣ ತಿಳಿಯುತ್ತದೆ. ಮೊದಲನೆಯದು ತೂಬನ್ನು ಒತ್ತಿ ಎತ್ತಿ ನೀರು ಬಿಟ್ಟ ಹಾಗೆ. ಎರಡನೆಯದು ಹೂಳು ತೆಗೆದ ಹಾಗೆ. ಹೂಳು ತೆಗೆಯದೆ ತೂಬನ್ನೇ ಎತ್ತುತ್ತಾ ಹೋದರೆ ಒಂದು ದಿನ ತೂಬು ಎತ್ತಿದರೂ ನೀರು ಬರುವುದಿಲ್ಲ.

ಇದು ಬರಿಯ ಹೋಲಿಕೆಯ ಮಾತಲ್ಲ. ಉಬ್ಬಸದ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಜಾಗತಿಕ ತಜ್ಞಮಂಡಲಿ 'ಜಿನಾ' 2019ರಲ್ಲಿ ಸ್ಪಷ್ಟವಾಗಿ ಹೇಳಿತು: ದೊಡ್ಡವರಿಗಾಗಲಿ ಹರೆಯದವರಿಗಾಗಲಿ ಬರೀ ಸಾಲ್ಬ್ಯುಟಮಾಲ್ ಒಂದನ್ನೇ ಕೊಟ್ಟು ಕಳಿಸಬಾರದು, ಊತ ಇಳಿಸುವ ಔಷಧವೂ ಜೊತೆಗಿರಲೇಬೇಕು. ವರ್ಷಕ್ಕೆ 200 ಒತ್ತಿನ ನೀಲಿ ಪಂಪು ಮೂರು ಅಥವಾ ಹೆಚ್ಚು ಖರ್ಚಾದರೆ ಅದು ಅಪಾಯದ ಗುರುತು. ಹನ್ನೆರಡು ಮುಟ್ಟಿದರೆ ಅದು ಪ್ರಾಣಾಪಾಯದ ಗುರುತು.

ಬಡತನವೇ ಔಷಧ ಆರಿಸುತ್ತದೆ

ಹಾಗಾದರೆ ನಮ್ಮ ಜನ ನೀಲಿ ಪಂಪನ್ನೇ, ಅಥವಾ ಅದಕ್ಕಿಂತ ಅಗ್ಗದ ಮಾತ್ರೆಯನ್ನೇ ಏಕೆ ಹಿಡಿಯುತ್ತಾರೆ? ಅವರು ದಡ್ಡರೆಂದೇ? ಅಲ್ಲ. ದಿನಗೂಲಿಯವನ ಲೆಕ್ಕವೂ ದಿನದ್ದೇ. ಇಂದು ಉಸಿರು ಬಿಟ್ಟುಕೊಂಡರೆ ಇಂದು ಮೂಟೆ ಹೊರಬಹುದು. ಮುಂದಿನ ತಿಂಗಳು ಉಬ್ಬಸ ಬಾರದಿರಲಿ ಎಂದು ಇಂದು ಒಂದು ದಿನದ ಕೂಲಿಯನ್ನು ಪಂಪಿಗೆ ಸುರಿಯುವುದು ಕೈಯಲ್ಲಿ ನಾಲ್ಕು ಕಾಸು ಉಳಿದವನಿಗೆ ಮಾತ್ರ ಸಾಧ್ಯ. ಹೀಗೆ ಬಡತನವೇ ನಮ್ಮ ಪರವಾಗಿ ತಪ್ಪು ಔಷಧವನ್ನು ಆರಿಸಿಬಿಡುತ್ತದೆ.

ಅದರ ಮೇಲೆ ಅಂಜಿಕೆ ಬೇರೆ. "ಪಂಪು ಹಿಡಿದರೆ ಬಿಡಕ್ಕಾಗಲ್ಲ, ಚಟ ಆಗುತ್ತದೆ, ಅದು ಕೊನೆಯ ಅಸ್ತ್ರ" ಎಂಬ ಮಾತನ್ನು ನಾವು ಹತ್ತು ಮನೆಯಲ್ಲಿ ಕೇಳಿದ್ದೇವೆ. ಲೆಕ್ಕ ಮಾಡಿ ನೋಡಿ. ನೀಲಿ ಪಂಪಿನ ಒಂದು ಒತ್ತಿನಲ್ಲಿರುವ ಔಷಧ 100 ಮೈಕ್ರೊಗ್ರಾಂ. ಅದೇ ಔಷಧದ 4 ಮಿಲಿಗ್ರಾಂ ಮಾತ್ರೆ ಒಂದರಲ್ಲಿ ಅಂತಹ 40 ಒತ್ತುಗಳಷ್ಟಿದೆ. ಮಾತ್ರೆ ಹೊಟ್ಟೆಗೆ ಹೋಗಿ ರಕ್ತಕ್ಕೆ ಸೇರಿ ಮೈಯೆಲ್ಲಾ ಸುತ್ತಿ ಎದೆಗೆ ಬರಬೇಕು. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಅದರಿಂದಲೇ ಹೆಚ್ಚು. ಪಂಪು ಬೇಕಾದಷ್ಟನ್ನು ಬೇಕಾದ ಜಾಗಕ್ಕೇ ಕೊಡುತ್ತದೆ. ಆದ್ದರಿಂದ ಪಂಪು ಕೊನೆಯ ಅಸ್ತ್ರವಲ್ಲ, ಮೊದಲ ಉಪಾಯ.

ಹೈದರಾಬಾದಿಗೆ ಹೋಗಿಬಂದವರೂ ಇಲ್ಲಿದ್ದೀರಿ. ಮೃಗಶಿರ ಮಳೆ ಹುಟ್ಟುವ ದಿನ ಅಲ್ಲಿ ಪುಟ್ಟ ಜೀವಂತ ಮೀನಿನ ಬಾಯಲ್ಲಿ ಔಷಧವಿಟ್ಟು ನುಂಗಿಸುತ್ತಾರೆ. ಅದರಿಂದ ಉಬ್ಬಸ ವಾಸಿಯಾಗುತ್ತದೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಹೋದವರನ್ನು ನಾವು ಹಾಸ್ಯ ಮಾಡುವುದಿಲ್ಲ. ಹಣ ಕೇಳದೆ, ಗದರಿಸದೆ ಕೊಡುವ ಕಡೆ ಜನ ಹೋಗುವುದು ಸಹಜವೇ. ಹೋಗಿಬಂದವರು ಊತ ಇಳಿಸುವ ಪಂಪನ್ನು ಮಾತ್ರ ನಿಲ್ಲಿಸಬೇಡಿ.

ಕಲಿಯಬೇಕಾದ ಮೂರು ಸಂಗತಿ

ಮೊದಲನೆಯದು, ಸೇದುವ ಕ್ರಮ. ಕಲಿಯದೆ ಸೇದಿದರೆ ಔಷಧದ ಹೆಚ್ಚಿನ ಪಾಲು ನಾಲಗೆಗೆ, ಗಂಟಲಿಗೆ ಬಡಿದು ವ್ಯರ್ಥವಾಗುತ್ತದೆ. ಮುಚ್ಚಳ ತೆಗೆಯಿರಿ, ಪಂಪನ್ನು ಚೆನ್ನಾಗಿ ಅಲ್ಲಾಡಿಸಿ. ಉಸಿರನ್ನು ಪೂರ್ತಿ ಹೊರಗೆ ಬಿಡಿ. ತುಟಿಯಿಂದ ಬಿಗಿಯಾಗಿ ಹಿಡಿದು, ನಿಧಾನವಾಗಿ ಒಳಗೆಳೆಯಲು ತೊಡಗಿದೊಡನೆ ಒಮ್ಮೆ ಒತ್ತಿ. ಎಳೆಯುತ್ತಲೇ ಹೋಗಿ, ಹತ್ತು ಎಣಿಸುವ ತನಕ ಉಸಿರು ಹಿಡಿದಿಡಿ. ಎರಡನೆಯ ಒತ್ತು ಬೇಕಿದ್ದರೆ ಅರ್ಧ ನಿಮಿಷ ತಡೆದು ಮತ್ತೆ ಅದೇ ಕ್ರಮ. ಊತ ಇಳಿಸುವ ಪಂಪಾದರೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲವಾದರೆ ಬಾಯಲ್ಲಿ ಬೆಳ್ಳಗೆ ಹುಣ್ಣಾಗಬಹುದು.

ಮಕ್ಕಳಿಗೂ ಮುದುಕರಿಗೂ ಈ ಹೊಂದಾಣಿಕೆ ಕಷ್ಟ. ಅವರಿಗೆ ಪಂಪಿನ ಮತ್ತು ಬಾಯಿಯ ನಡುವೆ ಇಡುವ ಸ್ಪೇಸರ್ ಎಂಬ ಬುರುಡೆ ಬರುತ್ತದೆ. ಅದನ್ನು ಕೊಳ್ಳಲಾಗದವರು ಏನು ಮಾಡಬೇಕು? ದಕ್ಷಿಣ ಆಫ್ರಿಕದ ಕೇಪ್ ಟೌನಿನಲ್ಲಿ ಮಕ್ಕಳ ವೈದ್ಯೆ ಹೆದರ್ ಝಾರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪಿನ ಬಾಯಿಯ ಅಳತೆಗೆ ಸರಿಯಾಗಿ ತೂತು ಮಾಡಿ, ಸಂದಿಯಿಲ್ಲದಂತೆ ಅಂಟು ಹಾಕಿ, ಬಾಟಲಿಯ ಬಾಯಿಂದ ಮಕ್ಕಳಿಗೆ ಸೇದಿಸಿದರು. ಅಂಗಡಿಯ ಸ್ಪೇಸರಿನಷ್ಟೇ ಅದೂ ಕೆಲಸ ಮಾಡಿತು. 1999ರಲ್ಲಿ 'ಲ್ಯಾನ್ಸೆಟ್' ವೈದ್ಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಬಡ ದೇಶದ ಮಕ್ಕಳಿಗಾಗಿ ಮಾಡಿದ ಇಂತಹ ಕೆಲಸವನ್ನೇ ನಾವು ನಿಜವಾದ ವಿಜ್ಞಾನವೆಂದು ಗೌರವಿಸುತ್ತೇವೆ. ಪಂಪು ಹುಟ್ಟಿದ ಕಥೆಯೂ ಹೀಗೆಯೇ. 1955ರಲ್ಲಿ ಅಮೆರಿಕದ ಔಷಧ ಕಂಪನಿಯೊಂದರ ಅಧ್ಯಕ್ಷರ 13 ವರ್ಷದ ಮಗಳು, ತಲೆಗೂದಲಿಗೆ ಸಿಂಪಡಿಸುವ ಡಬ್ಬಿಯ ಹಾಗೆ ನನ್ನ ಉಬ್ಬಸದ ಔಷಧವನ್ನೂ ಏಕೆ ಮಾಡಬಾರದು ಎಂದು ತಂದೆಯನ್ನು ಕೇಳಿದಳು. ಮರುವರ್ಷವೇ ಪಂಪು ಮಾರುಕಟ್ಟೆಗೆ ಬಂತು.

ಎರಡನೆಯದು, ತನ್ನ ಉಸಿರನ್ನು ತಾನೇ ಅಳೆಯುವುದು. ವಾರಕ್ಕೊಮ್ಮೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಈ ವಾರ ಹಗಲಲ್ಲಿ ಎರಡಕ್ಕಿಂತ ಹೆಚ್ಚು ಸಲ ದಮ್ಮು ಬಂತೇ? ರಾತ್ರಿ ಉಬ್ಬಸದಿಂದ ಎಚ್ಚರವಾಯಿತೇ? ನೀಲಿ ಪಂಪು ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ? ದಮ್ಮಿನಿಂದಾಗಿ ಕೆಲಸ ನಿಂತಿತೇ? ನಾಲ್ಕಕ್ಕೂ ಇಲ್ಲವೆಂದರೆ ಸರಿ. ಒಂದಕ್ಕೆ ಹೌದೆಂದರೂ ವೈದ್ಯರ ಬಳಿ ಹೋಗಿ ಔಷಧವನ್ನು ಸರಿಮಾಡಿಸಿಕೊಳ್ಳಬೇಕು. ಊದಿ ನೋಡುವ ಪೀಕ್ ಫ್ಲೋ ಮೀಟರ್ ಎಂಬ ಕೊಳವೆಯೂ ಉಂಟು. ಚೆನ್ನಾಗಿದ್ದ ದಿನದ ಅಂಕಿಯ ಶೇಕಡಾ 80ರ ಮೇಲಿದ್ದರೆ ಹಸಿರು, 50ರಿಂದ 80 ಹಳದಿ, 50ಕ್ಕೂ ಕೆಳಗೆ ಕೆಂಪು. ಅಕ್ಷರ ಬಾರದವರಿಗೂ ಬಣ್ಣ ತಿಳಿಯುತ್ತದೆ. ಯಾವ ಬಣ್ಣಕ್ಕೆ ಏನು ಮಾಡಬೇಕೆಂಬುದನ್ನು ವೈದ್ಯರು ಒಂದು ಚೀಟಿಯಲ್ಲಿ ಬರೆದು ಕೊಡಬೇಕು, ಅದು ಮನೆಯ ಗೋಡೆಯ ಮೇಲಿರಬೇಕು. ಇಂತಹ ಚೀಟಿ ಮತ್ತು ತಪ್ಪದ ತಪಾಸಣೆ ಎರಡೂ ಇದ್ದಲ್ಲಿ ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತದೆಂಬುದು ಹತ್ತಾರು ಪರೀಕ್ಷೆಗಳಲ್ಲಿ ಸಾಬೀತಾಗಿದೆ.

ಮೂರನೆಯದು, ಯಾವಾಗ ಓಡಬೇಕೆಂಬುದು. ಒಂದು ವಾಕ್ಯ ಪೂರ್ತಿ ಆಡಲಾಗದೆ ನಡುವೆ ಉಸಿರು ಸಿಕ್ಕಿದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳೆದರೆ, ತುಟಿ ನೀಲಿಗಟ್ಟಿದರೆ, ಮಗು ಮಂಕಾದರೆ ಬೆಳಗಾಗಲಿ ಎಂದು ಕಾಯಬಾರದು. ನೆಟ್ಟಗೆ ಕೂರಿಸಿ, ನೀಲಿ ಪಂಪನ್ನು ಸ್ಪೇಸರಿನ ಮೂಲಕ ಒಂದೊಂದಾಗಿ ನಾಲ್ಕು ಒತ್ತು ಕೊಟ್ಟು 108ಕ್ಕೆ ಕರೆ ಮಾಡಿ. ದಾರಿಯಲ್ಲೂ ಪಂಪನ್ನು ನಿಲ್ಲಿಸಬೇಡಿ. ಎದೆಯ ಸಿಳ್ಳೆ ಇದ್ದಕ್ಕಿದ್ದಂತೆ ನಿಂತು ರೋಗಿ ಸುಸ್ತಾದರೆ ಗುಣವಾಯಿತೆಂದು ತಿಳಿಯಬೇಡಿ. ಗಾಳಿ ಆಡುವುದೇ ನಿಂತಿರಬಹುದು.

ಇನ್ನೊಂದು ಮಾತು. ಎಲ್ಲ ದಮ್ಮೂ ಉಬ್ಬಸವಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು, ಕ್ಷಯ ಇರಬಹುದು. ವರ್ಷಗಟ್ಟಲೆ ಒಲೆ ಊದಿದ ಹೆಂಗಸರಿಗೆ ಬರುವ ಶ್ವಾಸಕೋಶದ ಇನ್ನೊಂದು ಕಾಯಿಲೆಯೂ ಇದೆ.

ನಾವು ಸೇದುವ ಗಾಳಿ

ಇಷ್ಟೆಲ್ಲ ಕಲಿತ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಬೆಳಿಗ್ಗೆ ಪಂಪು ಸೇದಿ ಹಗಲೆಲ್ಲಾ ಹೊಗೆ ಸೇದಿದರೆ ಏನು ಬಂತು? "ಹೊಗೆಯಿಂದ ದೂರವಿರಿ" ಎಂದು ವೈದ್ಯರು ಹೇಳುತ್ತಾರೆ. ಭಟ್ಟಿಯ ಮುಂದೆ ನಿಂತು ಮಂಡಕ್ಕಿ ಹುರಿಯುವವನು ಎಲ್ಲಿಗೆ ದೂರ ಹೋಗಬೇಕು? ಹೊಟ್ಟಿನ ಹೊಗೆ, ಅಗ್ಗಕ್ಕೆ ಸಿಕ್ಕಿದಾಗ ಹಳೆಯ ಟೈರಿನ ಹೊಗೆ, ಭಟ್ಟಿಗೆ ಅಂಟಿಕೊಂಡೇ ಮನೆ. ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಮೂಟೆ ಸುರಿಯುವ ಹಮಾಲನಿಗೆ ಧೂಳೇ ಊಟ. ಹೊಗೆಯ ಕಣದಲ್ಲಿ ಅತಿ ಸಣ್ಣದು ನಮ್ಮ ಕೂದಲೆಳೆಯ ಮೂವತ್ತನೆಯ ಒಂದು ಭಾಗಕ್ಕೂ ಚಿಕ್ಕದು. ಮೂಗಿನ ಕೂದಲು ಅದನ್ನು ತಡೆಯಲಾರದು. ಈ ಕಣ ಒಂದು ಘನಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 5 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ಸರ್ಕಾರ 2009ರಲ್ಲಿ ಗೊತ್ತುಮಾಡಿದ ಮಿತಿ 40.

ಬೆಂಗಳೂರಿನ ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮಲ್ಲಿಗೆ ಬಂದ ಮಕ್ಕಳ ಲೆಕ್ಕವನ್ನು ಇಪ್ಪತ್ತು ವರ್ಷ ಇಟ್ಟರು. 1979ರಲ್ಲಿ ಅವರಲ್ಲಿ ಶೇಕಡಾ 9 ಮಂದಿಗೆ ಉಬ್ಬಸವಿತ್ತು, 1999ರಲ್ಲಿ ಶೇಕಡಾ 29.5 ಮಂದಿಗೆ. ಅವರು ಶಾಲೆಗಳನ್ನೂ ಪರೀಕ್ಷಿಸಿದರು. ವಾಹನ ಕಡಿಮೆಯಿರುವ ಕಡೆಯ ಶಾಲೆಗಳಲ್ಲಿ ಸುಮಾರು ಶೇಕಡಾ 11, ವಾಹನ ದಟ್ಟಣೆಯ ಕಡೆ ಶೇಕಡಾ 19. ವಾಹನ ದಟ್ಟಣೆಯೂ ಇದ್ದು ಮಕ್ಕಳೂ ಬಡವರಾಗಿದ್ದ ಕಡೆ ಶೇಕಡಾ 31. ಒಂದೇ ಊರು, ಮೂರು ಗಾಳಿ. ಇದಕ್ಕಿಂತ ಹೆಚ್ಚಿನ ವಿವರಣೆ ನಿಮಗೆ ಬೇಕಿಲ್ಲ.

ಅಡುಗೆಮನೆಗೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಗ್ರಾಮತಂತ್ರಜ್ಞಾನದ ಕೇಂದ್ರ ತೆರೆದರು. ಅಲ್ಲಿಂದ ಬಂದ ಅಸ್ತ್ರ ಒಲೆ ಸೌದೆಯನ್ನು ಉಳಿಸಿ ಹೊಗೆಯನ್ನು ಕೊಳವೆಯಿಂದ ಮಾಡಿನ ಹೊರಗೆ ಕಳಿಸುತ್ತಿತ್ತು. ಅನೇಕ ಹಳ್ಳಿಗಳಲ್ಲಿ ಅದನ್ನು ಕಟ್ಟಿದರು. ಕೊಳವೆ ಮಸಿ ಕಟ್ಟಿದಾಗ ತೆಗೆಯುವವರಿಲ್ಲದ ಕಡೆ ಮತ್ತೆ ಮೂರು ಕಲ್ಲಿನ ಒಲೆಯೇ ಬಂತು. 2016ರಲ್ಲಿ ಉಜ್ವಲಾ ಯೋಜನೆ ಬಂತು, ಹತ್ತು ಕೋಟಿಗೂ ಹೆಚ್ಚು ಮನೆಗೆ ಗ್ಯಾಸ್ ಸಂಪರ್ಕ ಕೊಟ್ಟಿತು. ಅದು ದೊಡ್ಡ ಕೆಲಸವೇ, ಇಲ್ಲವೆನ್ನಲಾಗದು. ಆದರೆ 2023-24ರಲ್ಲಿ ಅಂತಹ ಮನೆಯೊಂದು ವರ್ಷಕ್ಕೆ ತುಂಬಿಸಿದ್ದು ಸರಾಸರಿ ಸುಮಾರು ನಾಲ್ಕು ಸಿಲಿಂಡರು. ಉಳಿದ ದಿನ ಏನು ಉರಿಯಿತೆಂಬುದು ನಿಮ್ಮ ಹಿತ್ತಿಲಿನ ಕಟ್ಟಿಗೆ ಒಟ್ಟಿಲಿಗೆ ಗೊತ್ತು.

2019ರಲ್ಲಿ ಕೇಂದ್ರ ಸರ್ಕಾರ ಶುದ್ಧ ಗಾಳಿಯ ರಾಷ್ಟ್ರೀಯ ಕಾರ್ಯಕ್ರಮ ತೊಡಗಿತು. ಕರ್ನಾಟಕದ ನಾಲ್ಕು ನಗರಗಳು ಅದರ ಪಟ್ಟಿಗೆ ಸೇರಿದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ನಮ್ಮ ದಾವಣಗೆರೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಈ ಕಾರ್ಯಕ್ರಮದ ಲೆಕ್ಕ ತೆಗೆಯಿತು. ದೇಶದಲ್ಲಿ ಖರ್ಚಾದ ಹಣದಲ್ಲಿ ಶೇಕಡಾ 64ರಷ್ಟು ರಸ್ತೆ ಧೂಳಿಗೇ ಹೋಗಿತ್ತು. ಕೈಗಾರಿಕೆಯ ಹೊಗೆಗೆ ಶೇಕಡಾ ಒಂದೂ ಇರಲಿಲ್ಲ. ಧೂಳು ಗುಡಿಸುವುದು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಎದೆಯಾಳಕ್ಕೆ ಇಳಿಯುವ ಸಣ್ಣ ಕಣ ಹೆಚ್ಚಾಗಿ ಉರಿಯಿಂದ ಹುಟ್ಟುವಂಥದು. ಅದನ್ನು ಪೊರಕೆಯಿಂದ ಗುಡಿಸಲಾಗದು.

ಕೇಳಬೇಕಾದದ್ದು, ಮಾಡಬೇಕಾದದ್ದು

ಬಡವರ ನಾಡಿನಲ್ಲಿ ಇದು ಆಗದ ಕೆಲಸವೆಂದು ಯಾರಾದರೂ ಹೇಳಿದರೆ ಬ್ರೆಜಿಲ್ ದೇಶದ ಸಾಲ್ವಡಾರ್ ನಗರವನ್ನು ತೋರಿಸಿ. ಬಹಳ ಬಡವರಿರುವ ಆ ಊರಿನಲ್ಲಿ 2003ರಿಂದ ತೀವ್ರ ಉಬ್ಬಸದವರಿಗೆ ಊತ ಇಳಿಸುವ ಪಂಪನ್ನು ಪುಕ್ಕಟೆ ಕೊಟ್ಟರು, ಸೇದುವುದನ್ನು ಕಲಿಸಿದರು, ತಪ್ಪದೆ ನೋಡಿದರು. ಕೆಲವೇ ವರ್ಷಗಳಲ್ಲಿ ಊರಿನ ಆಸ್ಪತ್ರೆಗಳಿಗೆ ಉಬ್ಬಸಕ್ಕಾಗಿ ಸೇರುವವರ ಸಂಖ್ಯೆ ಮುಕ್ಕಾಲು ಪಾಲಿನಷ್ಟು ಇಳಿಯಿತು. 2012ರಲ್ಲಿ ಆ ದೇಶ ಉಬ್ಬಸದ ಕೆಲವು ಔಷಧಗಳನ್ನು ದೇಶದಾದ್ಯಂತ ಪುಕ್ಕಟೆ ಮಾಡಿತು.

ನಮ್ಮಲ್ಲಿ ಬುಡೆಸೊನೈಡ್ ಪಂಪು 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. 2023ರ ಮಾರ್ಗಸೂಚಿಯಲ್ಲಿ ಬಿಪಿ, ಸಕ್ಕರೆ ಕಾಯಿಲೆಗಳ ಜೊತೆಗೆ ಉಬ್ಬಸವನ್ನೂ ಸೇರಿಸಿದ್ದಾರೆ. ಕಾಗದ ಸರಿಯಾಗಿಯೇ ಇದೆ. ಆದರೆ ಭದ್ರಾ ಅಚ್ಚುಕಟ್ಟಿನ ಕೊನೆಯ ಭಾಗದ ರೈತನಿಗೆ ಕೇಳಿ, ಕಾಗದದ ಮೇಲೆ ಅವನ ಹೊಲಕ್ಕೂ ನೀರಿದೆ. ಇದರ ನಡುವೆ 2024ರ ಅಕ್ಟೋಬರಿನಲ್ಲಿ ಎಂಟು ಔಷಧಗಳ ಗರಿಷ್ಠ ಬೆಲೆಯನ್ನು ಅರ್ಧದಷ್ಟು ಏರಿಸಲು ಸರ್ಕಾರದ ಬೆಲೆ ಪ್ರಾಧಿಕಾರ ಒಪ್ಪಿತು. ಹಳೆಯ ಬೆಲೆಗೆ ತಯಾರಿಸುವುದು ಗಿಟ್ಟುವುದಿಲ್ಲವೆಂಬುದು ಕಂಪನಿಗಳ ವಾದವಾಗಿತ್ತು. ಬಡವರು ನೆಚ್ಚಿಕೊಂಡ ಸಾಲ್ಬ್ಯುಟಮಾಲ್ ಮಾತ್ರೆಯೂ ಆ ಎಂಟರಲ್ಲಿ ಒಂದು. ಕಂಪನಿಗೆ ಗಿಟ್ಟಬೇಕೆಂಬ ಮಾತಿಗೆ ಕಿವಿಗೊಟ್ಟಂತೆ, ಕೂಲಿಯವನಿಗೆ ಗಿಟ್ಟಬೇಕೆಂಬ ಮಾತಿಗೂ ಯಾರಾದರೂ ಕಿವಿಗೊಡಬೇಕಲ್ಲವೇ?

ಆದ್ದರಿಂದ ನಮ್ಮ ಕೇಳಿಕೆ ಇಷ್ಟು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡೂ ಬಗೆಯ ಪಂಪು ವರ್ಷವಿಡೀ ಇರಬೇಕು, ಎಷ್ಟು ಉಳಿದಿದೆ ಎಂಬುದನ್ನು ಹಲಗೆಯ ಮೇಲೆ ಬರೆಯಬೇಕು. ಬಿಪಿ, ಶುಗರ್ ನೋಡುವ ದಿನವೇ ಉಸಿರನ್ನೂ ನೋಡಬೇಕು. ಆಶಾ ಕಾರ್ಯಕರ್ತೆಯರಿಗೆ ಸೇದುವ ಕ್ರಮ ಕಲಿಸಿ, ಆ ಕೆಲಸಕ್ಕೆ ತಕ್ಕ ಗೌರವಧನ ಕೊಡಬೇಕು. ಭಟ್ಟಿಗಳಲ್ಲಿ ಟೈರು ಉರಿಸುವುದನ್ನು ಪೂರ್ತಿ ನಿಲ್ಲಿಸಬೇಕು. ಆದರೆ ಭಟ್ಟಿ ಮುಚ್ಚಿಸಿ ಕೆಲಸಗಾರನನ್ನು ಬೀದಿಗೆ ಹಾಕುವುದು ಪರಿಹಾರವಲ್ಲ. ಹೊಗೆ ಕಡಿಮೆಯ ಒಲೆ, ಎತ್ತರದ ಹೊಗೆಕೊಳವೆ ಹಾಕಲು ಶುದ್ಧ ಗಾಳಿಯ ಹಣದಲ್ಲೇ ನೆರವು ಕೊಡಬೇಕು.

ಸರ್ಕಾರ ಮಾಡುವ ತನಕ ನಾವು ಕೂತಿರಬೇಕೇ? ಬೇಡ. ಒಲೆ ಉರಿಸಲೇಬೇಕಾದರೆ ಒಣಗಿದ ಕಟ್ಟಿಗೆಯನ್ನೇ ಉರಿಸೋಣ, ಕೂಸನ್ನು ಅಡುಗೆಮನೆಯಿಂದ ಆಚೆ ಮಲಗಿಸೋಣ. ಉಬ್ಬಸದವರಿರುವ ಕೋಣೆಯಲ್ಲಿ ಬೀಡಿಯೂ ಬೇಡ, ಸೊಳ್ಳೆ ಬತ್ತಿಯೂ ಬೇಡ, ಸೊಳ್ಳೆ ಪರದೆ ಕಟ್ಟೋಣ. ಕಸಕ್ಕೆ ಬೆಂಕಿ ಇಡುವುದನ್ನು ಓಣಿಯವರೇ ತಡೆಯೋಣ. ಮತ್ತು ಪಂಪನ್ನು ಅಕ್ಕಿ ಡಬ್ಬಿಯ ಹಿಂದಿನಿಂದ ಹೊರಗೆ ತರೋಣ. ಕನ್ನಡಕ ಹಾಕುವವಳ ಮದುವೆ ನಿಲ್ಲುವುದಿಲ್ಲವಾದರೆ ಪಂಪು ಸೇದುವವಳ ಮದುವೆ ಏಕೆ ನಿಲ್ಲಬೇಕು? ಗಂಡಿನ ಕಡೆಯವರಾಗಿ ಹೋಗುವವರು ನಾವೇ ತಾನೆ?

ಬಹಳ ಹೊತ್ತು ತೆಗೆದುಕೊಂಡೆವು. ಮುಂದಿನ ಭಾನುವಾರ ಇದೇ ಹೊತ್ತಿಗೆ ಇಲ್ಲಿಯೇ ಮತ್ತೆ ಸೇರುತ್ತೇವೆ. ಆ ದಿನ ಭಾಷಣವಿಲ್ಲ. ಒಬ್ಬ ವೈದ್ಯರೂ ಒಬ್ಬ ದಾದಿಯೂ ಬರಲು ಒಪ್ಪಿದ್ದಾರೆ. ಮನೆಯಲ್ಲಿ ಪಂಪು ಇರುವವರು ಪಂಪನ್ನು, ಇಲ್ಲದವರು ಔಷಧ ಚೀಟಿಯನ್ನು ತನ್ನಿ. ಅರ್ಧ ಲೀಟರಿನ ಖಾಲಿ ಬಾಟಲಿ ಸಿಕ್ಕಿದರೆ ತೊಳೆದು, ಒಣಗಿಸಿ ತನ್ನಿ. ಒಬ್ಬೊಬ್ಬರಾಗಿ ಸೇದಿ ತೋರಿಸಿ, ತಪ್ಪಿದ್ದನ್ನು ತಿದ್ದಿಕೊಳ್ಳೋಣ.